ಏಕತ್ವವಾಚಕ ವಿಶೇಷಣಗಳು (ಇಂಗ್ಲಿಷ್)

‘ಸಿಂಗಲ್’, ‘ಓನ್ಲಿ’, ‘ಸೋಲ್’, ‘ಯುನೀಕ್’, ‘ಸಾಲಿಟರಿ’ ಮೊದಲಾದ ಪದಗಳು. ‘ಸಿಂಗಲ್’ ಬರಿಯ ಎಣಿಕೆಯ ಮಾತು: ವಿಜಯವಾಡದ ಬಳಿ ಉಂಡವಲ್ಲಿ ಗುಹೆಯ ಶಯನಮೂರ್ತಿ ವಿಷ್ಣು ಒಂದೇ ಬಂಡೆಯಲ್ಲಿ ಮೂಡಿದವನು. ‘ಓನ್ಲಿ’ ಎನ್ನಲು ಎಲ್ಲೆ ಬೇಕು. ಎಲ್ಲೆ ಹೇಳದಿದ್ದರೆ ಅದು ಪೊಳ್ಳು ಹೊಗಳಿಕೆ. 1926ರಲ್ಲಿ ಬೆಜವಾಡದಲ್ಲಿ (ಇಂದಿನ ವಿಜಯವಾಡ) ಆರಂಭವಾಗಿ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಸ್ಥಳಾಂತರಗೊಂಡ ಆಂಧ್ರ ವಿಶ್ವವಿದ್ಯಾಲಯವು ಆಗ ಮದರಾಸು ಪ್ರಾಂತದ ತೆಲುಗು ಜಿಲ್ಲೆಗಳಲ್ಲಿದ್ದ ಏಕೈಕ ವಿಶ್ವವಿದ್ಯಾಲಯ. ಹೈದರಾಬಾದನ್ನೂ ಸೇರಿಸಿದರೆ 1918ರ ಉಸ್ಮಾನಿಯಾ ಅಡ್ಡಬಂದು ‘ಏಕೈಕ’ ತಪ್ಪಾಗುತ್ತದೆ. ‘ಸೋಲ್’ ಹಕ್ಕು, ಹೊಣೆಗಳ ಮಾತಿಗೆ ಒಗ್ಗುತ್ತದೆ: ಏಕಮಾತ್ರ ವಾರಸುದಾರ. ‘ಯುನೀಕ್’ ಎಂದರೆ ಸಾಟಿಯಿಲ್ಲದ್ದು. ಅದಕ್ಕೆ ‘ವೆರಿ’ ಹಚ್ಚಬಾರದೆಂಬುದು ಹಲವು ವ್ಯಾಕರಣಕಾರರ ಮತ. ‘ಸಾಲಿಟರಿ’ಗೆ ಕನ್ನಡದ ‘ಒಂಟಿ’ ಹತ್ತಿರ.