ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಕುಟುಂಬ ಸಮೇತ ಭೇಟಿ: ಉತ್ತರ ಬೆಂಗಳೂರಿನ ನಾಗರಿಕರಿಗೆ ಮಾಹಿತಿ

ಬೆಂಗಳೂರು ನಗರದ ಮೃಗಾಲಯವು ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿದೆ. ಇದು ಆನೇಕಲ್ ತಾಲ್ಲೂಕಿನಲ್ಲಿ, ನಗರದ ಕೇಂದ್ರಭಾಗದಿಂದ ದಕ್ಷಿಣಕ್ಕೆ ಸುಮಾರು 22 ಕಿ.ಮೀ. ದೂರದಲ್ಲಿರುತ್ತದೆ. ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರದ ನಿವಾಸಿಗಳು ಇಲ್ಲಿಗೆ ತಲುಪಲು ಇಡೀ ನಗರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕಾಗುವುದರಿಂದ, ಪೂರ್ವಸಿದ್ಧತೆಯಿಲ್ಲದೆ ಹೊರಟಲ್ಲಿ ದಿನದ ಬಹುಭಾಗವು ಪ್ರಯಾಣದಲ್ಲಿಯೂ ಸರದಿಯಲ್ಲಿಯೂ ಕಳೆದುಹೋಗುವ ಸಂಭವವಿದೆ. ಈ ಕಾರಣದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಹಿಂದೆ ಲಾಲ್‌ಬಾಗಿನಲ್ಲಿ ಒಂದು ಚಿಕ್ಕ ಪ್ರಾಣಿಸಂಗ್ರಹಾಲಯವಿತ್ತು. ಅದು ಮುಚ್ಚಿದ ನಂತರ ನಗರದ ಮಕ್ಕಳು ಹುಲಿ, ಸಿಂಹಗಳನ್ನು ನೋಡಲು 1892ರಲ್ಲಿ ಸ್ಥಾಪಿತವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೇ ಹೋಗಬೇಕಾಗಿತ್ತು. ಬನ್ನೇರುಘಟ್ಟ ಅರಣ್ಯವನ್ನು 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2002ರಲ್ಲಿ ಅದರ ಒಂದು ಭಾಗವನ್ನು ಪ್ರತ್ಯೇಕಿಸಿ, ಮೃಗಾಲಯ ಮತ್ತು ಸಫಾರಿಯನ್ನೊಳಗೊಂಡ ಜೈವಿಕ ಉದ್ಯಾನವನ್ನಾಗಿ ರೂಪಿಸಲಾಯಿತು. ಇದರ ಆಡಳಿತವು 1979ರಲ್ಲಿ ರಚಿತವಾದ, ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಸೇರಿದೆ. ಸಾರ್ವಜನಿಕರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ಜನರ ಭೇಟಿಗೆ ತೆರೆದಿರುವುದು ಜೈವಿಕ ಉದ್ಯಾನವೇ ಹೊರತು ಪಕ್ಕದ ರಾಷ್ಟ್ರೀಯ ಉದ್ಯಾನದ ಕಾಡಲ್ಲ.

ವಾರದ ರಜೆ ಮತ್ತು ವೇಳೆ

ಉದ್ಯಾನಕ್ಕೆ ಪ್ರತಿ ಮಂಗಳವಾರ ವಾರದ ರಜೆ ಇರುತ್ತದೆ. ಶಾಲಾ ರಜೆ ಹಾಗೂ ಹಬ್ಬದ ದಿನಗಳಲ್ಲಿ ಮಂಗಳವಾರವೂ ತೆರೆಯುವುದಾದರೆ ಪ್ರತ್ಯೇಕ ಪ್ರಕಟಣೆ ನೀಡಲಾಗುತ್ತದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ಸಂಜೆ 5.00ರವರೆಗೆ ಪ್ರವೇಶವಿರುತ್ತದೆ. ಸಫಾರಿಯ ಕೊನೆಯ ವಾಹನವು ಇದಕ್ಕೂ ಮುಂಚೆಯೇ ಹೊರಡುವುದರಿಂದ ಮಧ್ಯಾಹ್ನ 3 ಗಂಟೆಯ ನಂತರ ತಲುಪುವವರಿಗೆ ಸಫಾರಿ ದೊರೆಯುವ ಭರವಸೆ ಇಟ್ಟುಕೊಳ್ಳದಿರುವುದು ಒಳಿತು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಹಾಗೂ ಭಾನುವಾರಗಳಲ್ಲಿ ಜನಸಂದಣಿ ವಿಪರೀತವಾಗಿರುತ್ತದೆ. ಎಳೆಯ ಮಕ್ಕಳು ಹಾಗೂ ವೃದ್ಧರಿರುವ ಕುಟುಂಬಗಳು ಸಾಧ್ಯವಾದಲ್ಲಿ ಬುಧವಾರದಿಂದ ಶುಕ್ರವಾರದೊಳಗಿನ ಒಂದು ದಿನವನ್ನು ಆರಿಸಿಕೊಳ್ಳಬಹುದು.

ತಲುಪುವ ಬಗೆ

ಯಶವಂತಪುರ ಭಾಗದವರಿಗೆ ಈಗ ಮೆಟ್ರೋ ಅತ್ಯಂತ ಅನುಕೂಲಕರವಾಗಿದೆ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ ನಿಲ್ದಾಣದವರೆಗೆ ಪ್ರಯಾಣಿಸಿ, ಅಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡು, ಎರಡನೆಯ ನಿಲ್ದಾಣವಾದ ಜಯದೇವ ಆಸ್ಪತ್ರೆಯಲ್ಲಿ ಇಳಿಯತಕ್ಕದ್ದು. ಈ ನಿಲ್ದಾಣವು ಬನ್ನೇರುಘಟ್ಟ ರಸ್ತೆಯ ಮೇಲೆಯೇ ಇದೆ. ಅಲ್ಲಿಂದ ಉದ್ಯಾನದ ಕಡೆಗೆ ಹೋಗುವ ಬಿ.ಎಂ.ಟಿ.ಸಿ. ಬಸ್ಸು ಹಿಡಿಯಬಹುದು.

ಯಲಹಂಕ, ಹೆಬ್ಬಾಳ ಮತ್ತು ಆರ್.ಟಿ. ನಗರದವರು ಬಸ್ಸಿನಲ್ಲಿ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ತಲುಪಿ, ಅಲ್ಲಿಂದ 365 ಸಂಖ್ಯೆಯ ಬಸ್ಸಿನಲ್ಲಿ ನೇರವಾಗಿ ಹೋಗಬಹುದು. ಮೆಜೆಸ್ಟಿಕ್‌ನಿಂದಲೇ ಹಸಿರು ಮಾರ್ಗದ ಮೆಟ್ರೋ ಹತ್ತಿ ಮೇಲೆ ತಿಳಿಸಿದಂತೆ ಜಯದೇವ ನಿಲ್ದಾಣಕ್ಕೆ ಹೋದಲ್ಲಿ ನಗರದ ಮಧ್ಯಭಾಗದ ವಾಹನ ದಟ್ಟಣೆ ತಪ್ಪುತ್ತದೆ. ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಮೂಲಕ ಸುತ್ತಿ ಬರುವ ದಾರಿಯೂ ಇದೆ. ಆದರೆ ಮಕ್ಕಳೊಂದಿಗೆ ಆ ದಾರಿಯನ್ನು ಹಿಡಿಯದಿರುವುದೇ ಲೇಸು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿರುತ್ತದೆ. ಗುರುತಿನ ಚೀಟಿ ಜೊತೆಗಿರಬೇಕು. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೂ ಮೆಟ್ರೋಗೂ ಈ ಸೌಲಭ್ಯ ಅನ್ವಯಿಸುವುದಿಲ್ಲ. ಇಬ್ಬರು ಮೂವರು ಮಹಿಳೆಯರಿರುವ ಕುಟುಂಬಕ್ಕೆ ಹೋಗಿ ಬರುವ ಖರ್ಚಿನಲ್ಲಿ ಇದರಿಂದ ಗಣನೀಯ ಉಳಿತಾಯವಾಗುತ್ತದೆ.

ಸ್ವಂತ ವಾಹನದವರು ತುಮಕೂರು ರಸ್ತೆಯ ಮಾದಾವರದ ಬಳಿ ನೈಸ್ ರಸ್ತೆ ಹಿಡಿದು ಬನ್ನೇರುಘಟ್ಟ ರಸ್ತೆಯ ಕೂಡುಸ್ಥಳದಲ್ಲಿ ಇಳಿಯಬಹುದು. ಇದಕ್ಕೆ ಟೋಲ್ ತೆರಬೇಕಾಗುತ್ತದೆ.

ಟಿಕೆಟ್ ಮತ್ತು ಸಫಾರಿ

ಮೃಗಾಲಯ, ಸಫಾರಿ ಮತ್ತು ಚಿಟ್ಟೆ ಉದ್ಯಾನ ಇವು ಬೇರೆ ಬೇರೆ ಆಕರ್ಷಣೆಗಳು. ಮೃಗಾಲಯದ ಟಿಕೆಟ್ ಪಡೆದ ಮಾತ್ರಕ್ಕೆ ಸಫಾರಿಗೆ ಅವಕಾಶವಾಗುವುದಿಲ್ಲ. ಈ ವಿಷಯದಲ್ಲಿಯೇ ಕೌಂಟರಿನ ಮುಂದೆ ಹೆಚ್ಚಿನ ವಾದಗಳು ನಡೆಯುತ್ತವೆ. ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡು, ಅಲ್ಲಿಯೇ ಮುಂಗಡವಾಗಿ ಕಾಯ್ದಿರಿಸುವುದು ಸೂಕ್ತ. ಮಕ್ಕಳಿಗೆ ಮತ್ತು ಹಿರಿಯ ನಾಗರಿಕರಿಗೆ ಕಡಿಮೆ ದರವಿರುವುದರಿಂದ ವಯಸ್ಸಿನ ದಾಖಲೆಯನ್ನು ಇಟ್ಟುಕೊಂಡಿರುವುದು.

ಗೇಟು ತೆರೆಯುವ ವೇಳೆಗೆ ತಲುಪಿ ಮೊದಲು ಸಫಾರಿಯನ್ನೂ ಆಮೇಲೆ ಮೃಗಾಲಯವನ್ನೂ ನೋಡುವುದು ಉತ್ತಮ ಕ್ರಮ. ಬಿಸಿಲೇರಿದಂತೆ ಹುಲಿ, ಸಿಂಹಗಳು ನೆರಳಿನಲ್ಲಿ ಮಲಗಿಬಿಡುತ್ತವೆ, ಸರದಿಯೂ ಬೆಳೆಯುತ್ತದೆ. ಸಸ್ಯಾಹಾರಿ ಪ್ರಾಣಿಗಳು, ಕರಡಿ, ಸಿಂಹ, ಹುಲಿಗಳ ಸಫಾರಿಯ ಜೊತೆಗೆ 2024ರ ಜೂನ್‌ನಲ್ಲಿ 20 ಹೆಕ್ಟೇರ್ ಪ್ರದೇಶದಲ್ಲಿ ಚಿರತೆ ಸಫಾರಿಯನ್ನೂ ಆರಂಭಿಸಲಾಗಿದೆ.

ಕಿಟಕಿಯ ವಿಷಯದಲ್ಲಿ ಎಚ್ಚರಿಕೆ

ಪೋಷಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. 2025ರ ಆಗಸ್ಟ್‌ನಲ್ಲಿ ಸಫಾರಿ ವಾಹನದಲ್ಲಿದ್ದ ಬಾಲಕನೊಬ್ಬನ ತೋಳನ್ನು ಕಿಟಕಿಯ ಮೂಲಕ ಚಿರತೆಯೊಂದು ಪರಚಿ ಗಾಯಗೊಳಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಸ್ಸಿನಲ್ಲಿದ್ದ ಮಹಿಳೆಯೊಬ್ಬರೂ ಚಿರತೆಯಿಂದ ಗಾಯಗೊಂಡರು. ಸಿಂಹ, ಹುಲಿಗಳಿಗಿಂತ ಚಿರತೆ ಹಗುರವಾದ ಪ್ರಾಣಿ. ಮರ ಏರುವುದು ಅದಕ್ಕೆ ಸಹಜ. ವಾಹನದ ಮೇಲಕ್ಕೆ ನೆಗೆಯುವುದೂ ಅಷ್ಟೇ ಸುಲಭ. ಕಿಟಕಿಗೆ ಜಾಲರಿ ಇದ್ದರೂ ಬೆರಳು, ಶಾಲು, ಮೊಬೈಲ್ ಇವು ಹೊರಗೆ ಚಾಚಿಕೊಂಡಿರಕೂಡದು. ಚಿಕ್ಕ ಮಕ್ಕಳನ್ನು ಕಿಟಕಿಯ ಪಕ್ಕದಲ್ಲಿ ಕೂರಿಸದೆ ಒಳಭಾಗದ ಆಸನದಲ್ಲಿ ಕೂರಿಸತಕ್ಕದ್ದು. ಮಗು ಹಠ ಮಾಡುವುದು ಸಹಜ. ಹೊರಡುವ ಮುನ್ನ ಮನೆಯಲ್ಲಿಯೇ ತಿಳಿಹೇಳಿದಲ್ಲಿ ತೊಂದರೆ ಕಡಿಮೆ. ಫೋಟೋಗಾಗಿ ಗಾಜು ಸರಿಸುವಂತೆ ಚಾಲಕರನ್ನು ಒತ್ತಾಯಿಸಬಾರದು.

ಆಹಾರ, ಸಾಕುಪ್ರಾಣಿ ಮತ್ತು ಸೋಂಕು

ಪ್ರಾಣಿಗಳಿಗೆ ತಿಂಡಿ ಎಸೆಯುವುದು, ಕೀಟಲೆ ಮಾಡುವುದು, ಕಲ್ಲು ಹೊಡೆಯುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಶಿಕ್ಷಾರ್ಹ ಅಪರಾಧ. ಸಾಕುನಾಯಿ, ಬೆಕ್ಕುಗಳನ್ನು ಕರೆತರುವಂತಿಲ್ಲ. ಇದರ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ. 2023ರ ಆಗಸ್ಟ್–ಸೆಪ್ಟೆಂಬರ್ ಅವಧಿಯಲ್ಲಿ ಇದೇ ಉದ್ಯಾನದಲ್ಲಿ 7 ಚಿರತೆ ಮರಿಗಳು ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಾಣು ಸೋಂಕಿನಿಂದ ಮೃತಪಟ್ಟವು. ಅವುಗಳಿಗೆ ಲಸಿಕೆ ಹಾಕಲಾಗಿತ್ತು. ಮನೆಯ ಬೆಕ್ಕಿಗೂ ಬರುವ ಈ ರೋಗದ ವೈರಾಣು ಬಟ್ಟೆ, ಪಾದರಕ್ಷೆಗಳ ಮೂಲಕವೂ ಹರಡಬಲ್ಲದು. ಮನೆಯಲ್ಲಿ ಕಾಯಿಲೆ ಬಿದ್ದ ಬೆಕ್ಕು ಇರುವವರು ಅಂತಹ ಸಮಯದಲ್ಲಿ ಭೇಟಿಯನ್ನು ಮುಂದೂಡುವುದು ಉಚಿತ.

ಏಕಬಳಕೆಯ ಪ್ಲಾಸ್ಟಿಕ್ ತರಬಾರದು. ಆವರಣದಲ್ಲಿ ಕೋತಿಗಳಿದ್ದು, ಕೈಚೀಲದಲ್ಲಿ ತಿಂಡಿಯಿರುವುದನ್ನು ಕಂಡರೆ ಕಸಿದುಕೊಳ್ಳುತ್ತವೆ.

ಮಕ್ಕಳಿಗೆ ತಿಳಿಸಬಹುದಾದ ಸಂಗತಿಗಳು

ಇಲ್ಲಿಯ ಕರಡಿಗಳಲ್ಲಿ ಹಲವು, ಮೂಗಿಗೆ ಹಗ್ಗ ಪೋಣಿಸಿ ಊರೂರು ಕುಣಿಸುತ್ತಿದ್ದವರಿಂದ ಬಿಡಿಸಿ ತಂದಂಥವು. ಸರ್ಕಸ್ ಕಂಪನಿಗಳಿಂದ ವಶಪಡಿಸಿಕೊಂಡ ಹುಲಿ, ಸಿಂಹಗಳಿಗೂ ಇಲ್ಲಿ ಆಶ್ರಯ ನೀಡಲಾಗಿದೆ. 2006ರಲ್ಲಿ ಉದ್ಘಾಟನೆಯಾದ ಚಿಟ್ಟೆ ಉದ್ಯಾನವು ದೇಶದಲ್ಲಿ ಈ ಬಗೆಯ ಮೊದಲನೆಯದು. 2025ರ ಜುಲೈನಲ್ಲಿ ಪ್ರಾಣಿ ವಿನಿಮಯ ಕಾರ್ಯಕ್ರಮದಡಿ ಇಲ್ಲಿಯ 4 ಆನೆಗಳನ್ನು ವಿಮಾನದ ಮೂಲಕ ಜಪಾನಿನ ಹಿಮೇಜಿಗೆ ಕಳುಹಿಸಲಾಯಿತು. ದಿನವೂ ತಲೆಯ ಮೇಲೆ ವಿಮಾನಗಳನ್ನು ನೋಡುವ ಯಲಹಂಕದ ಮಕ್ಕಳಿಗೆ ಈ ವಿಷಯ ಖಂಡಿತ ರುಚಿಸುತ್ತದೆ.

ದತ್ತು ಸ್ವೀಕಾರ

ಮೃಗಾಲಯಗಳ ನಿರ್ವಹಣೆಗೆ ಪ್ರವೇಶ ಶುಲ್ಕವೇ ಪ್ರಮುಖ ಆದಾಯ. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಗೇಟು ಮುಚ್ಚಿದಾಗಲೂ ಪ್ರಾಣಿಗಳ ಮೇವು, ಮಾಂಸ, ಔಷಧಿಯ ವೆಚ್ಚ ನಿಲ್ಲಲಿಲ್ಲ. ಆಸಕ್ತರು ಪ್ರಾಧಿಕಾರದ ಜಾಲತಾಣದ ಮೂಲಕ ತಮ್ಮ ಶಕ್ತ್ಯನುಸಾರ ಪ್ರಾಣಿ ಅಥವಾ ಪಕ್ಷಿಯೊಂದನ್ನು ದತ್ತು ಪಡೆಯಬಹುದು. ಹಣ ಸಂದಾಯವಾದದ್ದಕ್ಕೆ ರಶೀದಿ ಪಡೆದಿಟ್ಟುಕೊಳ್ಳುವುದು. ಇಂತಹ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿಯು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ದೊರೆಯುತ್ತದೆ.

ದೂರ ಪ್ರಯಾಣ ಸಾಧ್ಯವಿಲ್ಲದವರಿಗೆ

ಅಷ್ಟು ದೂರ ಹೋಗಲಾಗದ ಕುಟುಂಬಗಳು ಹೆಬ್ಬಾಳ ಅಥವಾ ಜಕ್ಕೂರು ಕೆರೆಯ ದಂಡೆಯಲ್ಲಿ ಬೆಳಗಿನ ಹೊತ್ತು ಪಕ್ಷಿಗಳನ್ನು ವೀಕ್ಷಿಸಬಹುದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿ ಗದ್ದಲ ಮಾಡದೆ, ಗೂಡುಗಳ ಸಮೀಪ ಹೋಗದೆ ದೂರದಿಂದಲೇ ನೋಡತಕ್ಕದ್ದು.