ಬೆಣ್ಣೆ ಚಾವಡಿಯ ಹಸುಗಳು

ಅಮೃತಮಹಲ್ ದನಗಳ ಚರಿತ್ರೆ ಹೈನಿನ ಹೆಸರಿನಿಂದಲೇ ತೊಡಗುತ್ತದೆ. 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಕಾವಲುಗಳನ್ನು, ಅಂದರೆ ಮೇವಿನ ಬಯಲುಗಳನ್ನು, ಬಿಟ್ಟುಕೊಟ್ಟು, ಆ ಇಲಾಖೆಯನ್ನು ಬೆಣ್ಣೆ ಚಾವಡಿ ಎಂದು ಕರೆದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೆಸರು ಹಾಲಿನದಾದರೂ ಟಿಪ್ಪುವಿಗೂ ಅವನ ತಂದೆ ಹೈದರನಿಗೂ ಬೇಕಾಗಿದ್ದದ್ದು ತೋಪಿನ ಬಂಡಿ ಎಳೆಯುವ ಎತ್ತು. ಚಿದಂಬರದ ನೆರವಿಗೆ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷ್ ಕಾಲದ ಬರಹಗಳು ಹೇಳುತ್ತವೆ.

ಅಂಥ ಎತ್ತಿಗೆ ಬಿರುಸು ಬೇಕು, ಕೆಚ್ಚು ಬೇಕು. ದನಗಳು ಕೊಟ್ಟಿಗೆ ಕಾಣದೆ ಕಾವಲಿನಲ್ಲೇ ಹುಟ್ಟಿ ಬೆಳೆದವು. ಕಾಯುವವನ ದನಿಯನ್ನಷ್ಟೇ ಬಲ್ಲ ಹಸು ಅಪರಿಚಿತರು ಹತ್ತಿರ ಸುಳಿದರೆ ಕಿವಿ ನಿಮಿರಿಸಿ, ಕೊಂಬು ತಗ್ಗಿಸಿ ನಿಲ್ಲುತ್ತಿತ್ತು. ಹಾಲೆಲ್ಲ ಕರುವಿನ ಪಾಲು. ತಲೆಮಾರುಗಟ್ಟಲೆ ಆಯ್ಕೆ ನಡೆದದ್ದು ಎಳೆತಕ್ಕಾಗಿ, ಕೆಚ್ಚಲಿಗಾಗಿ ಅಲ್ಲ. ಇಂದಿಗೂ ಒಂದು ಸೂಲಿಗೆ ಈ ಹಸುಗಳ ಸರಾಸರಿ ಹಾಲು ಸುಮಾರು 570 ಕಿಲೋ. ಗುಜರಾತಿನ ಗಿರ್ ಹಸುವಿನದು ಸುಮಾರು 2,000 ಕಿಲೋ. ಇದನ್ನು ತಳಿಯ ಕೊರತೆ ಎನ್ನುವುದು ಅನ್ಯಾಯ. ಕೇಳಿದ್ದನ್ನು ಅದು ಕೊಟ್ಟಿದೆ.

ಆದರೂ ಸ್ವಭಾವದ ಪಾತ್ರ ಬೇರೆಯೇ ಇದೆ. ಕೆಚ್ಚಲಲ್ಲಿ ಹಾಲು ತುಂಬಿದ್ದರೂ ಹಸು ತೊರೆ ಬಿಡದಿದ್ದರೆ ಅದರ ಬಹುಪಾಲು ಕೈಗೆ ಬರದು. ಕರು ಬಾಯಿ ಹಾಕಿದಾಗ ಮಿದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕಿಳಿದು ಕೆಚ್ಚಲಿನ ಗೂಡುಗಳನ್ನು ಹಿಂಡುತ್ತದೆ. ಬೆದರಿದಾಗ ಏರುವ ಅಡ್ರಿನಲಿನ್ ಅದನ್ನು ತಡೆಯುತ್ತದೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲ ಒಡೆದು ಇದನ್ನು ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ರೂಢಿಯಾಗಿಯೇ ಇತ್ತು. ಮೊದಲು ಕರು ಬಿಟ್ಟು, ನಾಲ್ಕು ಗುಟುಕು ಕುಡಿಸಿ, ಮುಂಗಾಲಿನ ಬಳಿ ಕಟ್ಟುತ್ತಿದ್ದರು. ತಾಯಿ ಕರುವನ್ನು ನೆಕ್ಕುತ್ತಿರುವಾಗಲೇ ಕರೆಯುವುದು ಮುಗಿಯುತ್ತಿತ್ತು. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು.

1799ರಲ್ಲಿ ಟಿಪ್ಪು ಮಡಿದ ನಂತರ ಅಮೃತಮಹಲ್ ಹಿಂಡು ಬ್ರಿಟಿಷರ ಕೈ ಸೇರಿತು. ಅವರಿಗೂ ಬೇಕಾಗಿದ್ದದ್ದು ಸೇನೆಯ ಎತ್ತೇ. 1860ರಲ್ಲಿ ಖರ್ಚು ಉಳಿಸಲು ಹಿಂಡನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಎತ್ತುಗಳ ಕೊರತೆ ಕಾಡಿ ಮತ್ತೆ ಕಟ್ಟಬೇಕಾಯಿತು. ಈಗ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಕೇಂದ್ರದಲ್ಲಿ ಆ ವಂಶ ಉಳಿದಿದೆ.