ಅಡಗಿಸಿದ ಒಲವೋ, ಹೊಸ ರೂಪದ ಒಲವೋ?

ರಾಜಘಟ್ಟದ ಉತ್ಖನನದಲ್ಲಿ ಸಿಕ್ಕ ಬೌದ್ಧರ ಪುಟ್ಟ ಹರಕೆ ಸ್ತೂಪಗಳ ಒಡಲಲ್ಲಿ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಹೀಗೆ ಕಣ್ಣಿಗೆ ಬೀಳದ ಬರಹವೆಲ್ಲ ಅಂಜಿಕೆಯದಲ್ಲ. ಹೆಣ್ಣು ಹೆಣ್ಣನ್ನು ಒಲಿದ ಕಥೆ ಬರೆದ ಪಶ್ಚಿಮದ ನವ್ಯ ಲೇಖಕಿಯರಿಗೂ ಈ ಮಾತು ಸಲ್ಲುತ್ತದೆ. 1928ರಲ್ಲಿ ರಾಡ್‌ಕ್ಲಿಫ್ ಹಾಲ್ ನೇರವಾಗಿ ಬರೆದ ‘ದ ವೆಲ್ ಆಫ್ ಲೋನ್ಲಿನೆಸ್’ ಕಾದಂಬರಿಯನ್ನು ಅಶ್ಲೀಲವೆಂದು ನಾಶಪಡಿಸಲು ಲಂಡನ್ನಿನ ನ್ಯಾಯಾಲಯ ಆದೇಶಿಸಿತು. ಅದೇ ವರ್ಷ ವರ್ಜೀನಿಯಾ ವುಲ್ಫ್ ತಾವು ಪ್ರೀತಿಸಿದ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಗೆ ಅರ್ಪಿಸಿದ ‘ಒರ್ಲ್ಯಾಂಡೊ’ ನಿರಾತಂಕವಾಗಿ ಮಾರಾಟವಾಯಿತು. ಅದರ ನಾಯಕ ನಡುವೆ ಹೆಣ್ಣಾಗಿ ಶತಮಾನಗಳನ್ನೇ ದಾಟುವ ಪಾತ್ರ.

ಒಲವನ್ನು ಹೀಗೆ ಮರೆಯಲ್ಲಿಟ್ಟು ಬರೆದದ್ದು ಕಾನೂನಿನ ಕಣ್ಣು ತಪ್ಪಿಸುವ ಜಾಣತನವಷ್ಟೇ ಎನ್ನುವವರಿದ್ದಾರೆ. ಭಯವಿದ್ದದ್ದು ನಿಜ: ಗರ್ಟ್ರೂಡ್ ಸ್ಟೈನ್ ತಮ್ಮ ಸಂಗಾತಿ ಆಲಿಸ್ ಟೋಕ್ಲಸ್ ಜೊತೆಗಿನ ಪ್ರಣಯವನ್ನು ಹಾಡಿದ ‘ಲಿಫ್ಟಿಂಗ್ ಬೆಲ್ಲಿ’ ಅಚ್ಚಾದದ್ದು ಸ್ಟೈನ್ ತೀರಿಕೊಂಡ ಮೇಲೆ. ಆದರೆ ಭಯವೊಂದೇ ಕಾರಣವಲ್ಲ. ದಿಟ್ಟವಾಗಿ ಬರೆದರೂ ಹಳೆಯ ಕಾದಂಬರಿಯ ಚೌಕಟ್ಟಿನಲ್ಲೇ ಉಳಿದ ಹಾಲ್ ಅವರ ನಾಯಕಿ ಕೊನೆಗೆ ಪ್ರೇಯಸಿಯನ್ನು ಗಂಡಸೊಬ್ಬನಿಗೆ ಬಿಟ್ಟುಕೊಡುತ್ತಾಳೆ. ಆ ಚೌಕಟ್ಟನ್ನು ಮುರಿದ ಸ್ಟೈನ್, ವುಲ್ಫ್ ಬರಹದಲ್ಲಿ ಒಲವಿಗೆ ಶಿಕ್ಷೆಯಿಲ್ಲ, ಸರಸವಿದೆ. ಜೂನಾ ಬಾರ್ನ್ಸ್ ಅವರ ‘ನೈಟ್‌ವುಡ್’ (1936) ವಿರಹದ ಕಥೆಯಾದರೂ ಅಲ್ಲಿ ಪ್ರೇಯಸಿ ಹೊರಟುಹೋಗುವುದು ಇನ್ನೊಬ್ಬ ಹೆಣ್ಣಿನ ಕಡೆಗೆ. ಹೊಸ ಬಗೆಯ ಪ್ರೇಮಕಥೆಗೆ ಹೊಸ ಕಥನರೂಪವೇ ಬೇಕಾಗಿತ್ತು.